ದೇವರೆತ್ತಿನ ಕೊಂಬಿಗೆ ಬಂದ ಹೊಳಪು

“ನಾವು ಬೆಂಗಳೂರಿನವರು. ಹಳೆಯ ವಾದ್ಯಗಳನ್ನು ಸಂಗ್ರಹ ಮಾಡ್ತೀವಿ,” ಎಂದು ಓಬಳರಾಜು ಮೂಗಿನಿಂದ ಮಾತಾಡಿದ. ಅರ್ಧ ಮಾತು ಗಂಟಲಲ್ಲೇ ಇಟ್ಟುಕೊಂಡು ಉಳಿದರ್ಧವನ್ನು ಮಾತ್ರ ಜನರಿಗೆ ದಯಪಾಲಿಸುವ ದೊಡ್ಡ ಮನುಷ್ಯರ ದನಿ ಅದು. ಮಧುಗಿರಿಯಿಂದ ಶಿರಾದವರೆಗೆ ಸ್ಕೂಟರಿನ ಮೇಲೆ ಅದನ್ನೇ ಅಭ್ಯಾಸ ಮಾಡಿಕೊಂಡು ಬಂದಿದ್ದ.

ಹಳೇ ಸಾಮಾನಿನ ಅಂಗಡಿಯೊಳಗೆ, ಹಂಡೆ ಕೊಪ್ಪರಿಗೆಗಳ ನಡುವೆ ತಾವೂ ಒಂದು ಹಂಡೆಯ ಹಾಗೆ ಕೂತಿದ್ದ ದಸ್ತಗೀರ್ ಸಾಬರು ಟೀ ಲೋಟ ಕೆಳಗಿಟ್ಟರು.

“ಬೆಂಗ್ಳೂರೋರು ಸ್ಕೂಟರ್‌ನಾಗೆ ಬರಲ್ಲ ಸಾರ್. ಬಂದ್ರೂ ಹ್ಯಾಂಡಲ್‌ಗೆ ಅವರೆಕಾಯಿ ಚೀಲ ನೇತಾಕ್ಕೊಂಡು ಬರಲ್ಲ.”

ಓಬಳರಾಜು ಬೆಂಗಳೂರನ್ನು ಮೂಗಿನಿಂದ ಇಳಿಸಿದ. ಒಂದು ಕಾಲಕ್ಕೆ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತಿದ್ದವನು, ಈಗ ಮಧುಗಿರಿಯಲ್ಲಿ ಕಳೆದುಹೋದದ್ದನ್ನು ಹುಡುಕಿಕೊಡುವ ಕಚೇರಿ ಇಟ್ಟವನು. ದನಿ ಬದಲಿಸುವುದು ಅವನ ಕಸುಬಿನ ಅರ್ಧ. ಸಿಕ್ಕಿಬಿದ್ದಾಗ ನಕ್ಕುಬಿಡುವುದು ಉಳಿದರ್ಧ.

“ಸರಿ ಸಾಬ್ರೇ. ಒಂದು ಕೊಂಬು ಬಂದಿತ್ತಾ ನಿಮ್ಮ ಹತ್ರ? ಊದೋ ಕೊಂಬು. ಹಿತ್ತಾಳೇದಲ್ಲ, ನಿಜವಾದ ಎತ್ತಿನದು.”

“ಸೀಂಗ್ ಅನ್ನಿ.”

“ಸೀಂಗ್ ಅಂತೀನಿ. ಕೋಡು ಅಂತೀನಿ. ಬೇಕಾದ್ರೆ ಪಂಚೆ ಉಟ್ಕೊಂಡು ಬಂದು ಶೃಂಗ ಅಂತೀನಿ. ಏನಂದ್ರೆ ನಿಮಗೆ ನೆನಪಾಗುತ್ತೆ?”

ದಸ್ತಗೀರ್ ಸಾಬರು ಗಡ್ಡ ನೀವಿಕೊಂಡರು. “ಕೊಮ್ಮು,” ಎಂದರು. “ತಂದೋಳು ಅಂಗಂದ್ಲು.”

ಓಬಳರಾಜುವಿನ ಕಿವಿ ನಿಮಿರಿತು. ಕೊಮ್ಮು ಎಂದರೆ ತೆಲುಗು ಬೆರೆತ ನಾಲಿಗೆ, ಪಾವಗಡದ ಕಡೆಯದು. ಅದಕ್ಕಿಂತ ಹೆಚ್ಚಾಗಿ, ತಂದವಳು. ಇಷ್ಟು ದಿನ ಅವನು ಹುಡುಕುತ್ತಿದ್ದದ್ದು ತಂದವನನ್ನು.

ಐ.ಡಿ.ಹಳ್ಳಿ ಹೋಬಳಿಯ ಹೊನ್ನಗುಂಡ್ಲುವಿನಲ್ಲಿ ಕದರಮ್ಮನ ಮನೆಯ ಗೋಡೆಗೂಡಿನಿಂದ ದೇವರೆತ್ತಿನ ಕೊಂಬು ಮಾಯವಾಗಿತ್ತು. ನಿನ್ನೆ ಅವಳ ದೊಡ್ಡಪ್ಪನ ಮಗ ರೇಣುಕಯ್ಯ, ಶಿರಾದಲ್ಲಿ ಸಿಕ್ಕಿತು ಎಂದು ಒಂದು ಕೊಂಬು ತಂದು ಊರ ಮುಂದೆ ಇಟ್ಟಿದ್ದ. ಅದು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಇದು ನಮ್ಮದಲ್ಲವೇ ಅಲ್ಲ ಎಂದು ಕದರಮ್ಮ ಅತ್ತಿದ್ದಳು.

“ಹೆಂಗಿತ್ತು ಸಾಬ್ರೇ ಅದು, ನೋಡೋಕೆ?”

“ಹೆಂಗಿರತ್ತೆ? ನಮ್ಮ ದಾದಾನ ಮೊಣಕೈ ಇದ್ದಂಗೆ. ಒರಟು ಒರಟು. ಬುಡದಾಗೆ ಬಳೆ ಬಳೆ ಎದ್ದಿತ್ತು.”

“ಹೊಳೀತಿರ್ಲಿಲ್ವಾ?”

“ಮಣ್ಣಿನ ಬಣ್ಣ.”

“ನೀವು ಉಜ್ಜಲಿಲ್ವಾ?”

“ನಾನು ಉಜ್ಜೋದು ಹಿತ್ತಾಳೆ. ಹಳೇ ಸೀಂಗ್ ಉಜ್ಜಿದ್ರೆ ಹೊಸಾದಾಗ್ತದೆ ಸಾರ್. ಹೊಸಾದಕ್ಕೆ ನನ್ನ ಅಂಗ್ಡಿಗೆ ಯಾರು ಬರ್ತಾರೆ?”

“ಅದನ್ನ ಒಯ್ದದ್ದು ದೊಡ್ಡ ಮೀಸೆಯವರು, ರೇಣುಕಯ್ಯ ಅಂತ. ಅಲ್ವಾ?”

“ಮೀಸೆ ಇತ್ತು. ಹೊನ್ನಗುಂಡ್ಲು ಅಂದ್ರು. ಕೊಟ್ಟೆ. ಆ ಹೆಂಗಸು ಹೇಳಿದ್ದೂ ಅದೇ. ಹೊನ್ನಗುಂಡ್ಲುವಿಂದ ಕೇಳ್ಕೊಂಡು ಬರ್ತಾರೆ, ಬಂದೋರಿಗೆ ಕೊಡು ಅಂತ.”

“ಎಷ್ಟಕ್ಕೆ ಮಾರಿದ್ಲು?”

“ಮಾರ್ಲಿಲ್ಲ. ದುಡ್ಡು ಮುಟ್ಲೇ ಇಲ್ಲ.” ದಸ್ತಗೀರ್ ಸಾಬರು ಗಲ್ಲಾ ಪೆಟ್ಟಿಗೆಯನ್ನೇ ಸಾಕ್ಷಿಗೆ ಕರೆಯುವವರಂತೆ ಅದರ ಮೇಲೆ ಕೈಯಿಟ್ಟರು. “ಇಟ್ಟು ಹೋಗೋ ಮುಂಚೆ ಸೆರಗಿನಾಗೆ ಬಾಯಿ ಒರೆಸಿದ್ಲು. ತನ್ನ ಬಾಯಲ್ಲ, ಸೀಂಗಿನ ಬಾಯಿ. ಮಗೂಗೆ ಒರೆಸ್ತಾರಲ್ಲ, ಅಂಗೆ.”

ಓಬಳರಾಜು ಅವರೆಕಾಯಿಯಲ್ಲಿ ಅರ್ಧವನ್ನು ಸಾಬರ ಮುಂದೆ ಸುರಿದು ಸ್ಕೂಟರು ತಿರುಗಿಸಿದ.

ಮಧುಗಿರಿಯ ಬಂಡೆ ದೂರದಲ್ಲಿ ಎದ್ದಾಗ ಅವನಿಗೆ ಹಳೆಯ ತರಗತಿ ನೆನಪಾಯಿತು. ಬೆಟ್ಟದ ತುದಿಗೂ ಕೋಡು, ಎತ್ತಿನ ತಲೆಯ ಮೇಲಿನದಕ್ಕೂ ಕೋಡು. ಅಷ್ಟು ಹಳೆಯ ಮಾತು ಅದು ಎಂದು ಅಲ್ಲಿ ಕಿಟಕಿಯಾಚೆ ಕೈ ತೋರಿಸಿ ಹೇಳುತ್ತಿದ್ದ. ಕೊಂಬು ಅದರ ಒಡಹುಟ್ಟು ಇದ್ದ ಹಾಗೆ. ತಮಿಳರಲ್ಲಿ ಹೋಗಿ ನಿಂತರೂ, ತೆಲುಗರಲ್ಲಿ ಹೋಗಿ ಕೊಮ್ಮಾದರೂ ಮುಖದ ಹೋಲಿಕೆ ಬಿಟ್ಟಿಲ್ಲ. ಮರದಲ್ಲಿ ಚಾಚಿದರೆ ಕೊಂಬೆ, ಮಣ್ಣಿಂದ ಅಗೆದರೆ ಅರಿಸಿನದ ಕೊಂಬು, ಅಕ್ಷರದ ಬದಿಗೆ ಸುರುಳಿ ಸುತ್ತಿದರೆ ಅದೂ ಕೊಂಬು. ಮರದ್ದು ಮೊದಲೋ ಎತ್ತಿನದು ಮೊದಲೋ ಎಂದು ಹುಡುಗರು ಕೇಳಿದರೆ, ಅದನ್ನು ಎತ್ತನ್ನೇ ಕೇಳಿ, ಮರ ಮಾತಾಡುವುದಿಲ್ಲ ಎನ್ನುತ್ತಿದ್ದ. ಊದುವ ವಾದ್ಯದ ವಿಷಯ ಮಾತ್ರ ಅವನಿಗೆ ಅನುಮಾನವಿರಲಿಲ್ಲ. ಮೊದಮೊದಲು ಎತ್ತಿನ, ಎಮ್ಮೆಯ ಕೊಂಬನ್ನೇ ಊದಿದರು. ಆಮೇಲೆ ಹಿತ್ತಾಳೆ ಬಂತು, ತಾಮ್ರ ಬಂತು. ಪ್ರಾಣಿ ಹೋದರೂ ಹೆಸರು ಅಲ್ಲೇ ನಿಂತಿತು.

ಹೊನ್ನಗುಂಡ್ಲುವಿನಲ್ಲಿ ಪ್ರಾಣಿಯೂ ನಿಂತಿತ್ತು. ಎಂದೂ ನೊಗ ಹೊರದೆ, ಎಂದೂ ಬಾರುಕೋಲು ಕಾಣದೆ ಸತ್ತ ಒಂದು ದೇವರೆತ್ತನ್ನು ಊರಿನವರು ಮಣ್ಣು ಮಾಡಿ, ಅದರ ಕೊಂಬನ್ನು ವಾದ್ಯ ಮಾಡಿಕೊಂಡಿದ್ದರು. ಸಂಕ್ರಾಂತಿಯ ಸಂಜೆ ಆ ಕೊಂಬಿನ ದನಿ ಕೇಳಿದ ಮೇಲೆಯೇ ಅಲ್ಲಿ ದನಗಳು ಕಿಚ್ಚು ಹಾಯುವುದು. ಊದುವ ಹಕ್ಕು ಬೈಲಪ್ಪನ ಮನೆಯದು. ಮುಂದಿನ ಹಲ್ಲು ಉದುರಿ ಬಾಯಲ್ಲಿ ಗಾಳಿ ನಿಲ್ಲದಂತಾದಾಗ ಬೈಲಪ್ಪ ಅದನ್ನು ಮಗಳು ಕದರಮ್ಮನಿಗೆ ಕೊಟ್ಟ. ಹೆಣ್ಣು ಊದುವುದೇ ಎಂದು ಕೆಲವರು ಮುಖ ತಿರುಗಿಸಿದರು. ಕದರಮ್ಮನಿಗೆ ಕೊಂಬು ಬಂದಿದೆ ಎಂದರು. ಅದು ಕಳೆದಾಗ ಕೊಂಬು ಮುರಿಯಿತು ಎಂದೂ ಅವರೇ ಅಂದರು.

ಓಬಳರಾಜು ಊರು ಮುಟ್ಟುವ ಹೊತ್ತಿಗೆ ಬಿಸಿಲು ಹಳದಿಯಾಗಿತ್ತು. ಗುಡಿಯ ಮುಂದಿನ ಬಯಲಲ್ಲಿ ಕಿಚ್ಚಿಗೆ ಹುಲ್ಲು ಹರಡಿದ್ದರು. ಮೈ ತೊಳೆಸಿಕೊಂಡ ದನಗಳು ಒಂದು ಕೊಂಬಿಗೆ ಅರಿಸಿನ, ಇನ್ನೊಂದಕ್ಕೆ ಕುಂಕುಮದ ಬಣ್ಣ ಬಳಿಸಿಕೊಂಡು, ಬಲೂನು ಕಟ್ಟಿಸಿಕೊಂಡು, ಮದುವೆಗೆ ಬಂದ ಬೀಗರಂತೆ ಬಿಗಿಯಾಗಿ ನಿಂತಿದ್ದವು.

ಗುಡಿ ಜಗಲಿಯ ಮೇಲೆ ಊರ ಯಜಮಾನ ಬೋರಪ್ಪ. ಪಕ್ಕದಲ್ಲಿ ಕುಟ್ಟಿ ಪುಡಿ ಮಾಡಿದ ಎಳ್ಳುಬೆಲ್ಲವನ್ನು ಒಸಡಿನಲ್ಲೇ ಅರೆಯುತ್ತ ಕೂತ ಬೈಲಪ್ಪ. ಅವರ ಮುಂದೆ ಬಿಳಿ ಟವಲಿನ ಮೇಲೆ ಮಿರಮಿರ ಮಿಂಚುವ ಕೊಂಬು. ಅದರ ಈಚೆ ಮೀಸೆಗೂ ಎಣ್ಣೆ ಹಚ್ಚಿಕೊಂಡ ರೇಣುಕಯ್ಯ, ಆಚೆ ಕದರಮ್ಮ.

“ಬಂದ್ರಾ ಮೇಷ್ಟ್ರೇ,” ಎಂದಳು ಕದರಮ್ಮ. ಅಂಗನವಾಡಿಯಲ್ಲಿ ಮಕ್ಕಳನ್ನು ಒಂದೇ ಕೂಗಿಗೆ ಕೂರಿಸುವ ಅವಳ ಗಂಟಲು ಇವತ್ತು ಅರ್ಧಕ್ಕೆ ಇಳಿದಿತ್ತು. “ಕಿಚ್ಚಿನ ಹೊತ್ಗೆ ಕೊಂಬು ಯಾರು ತತ್ತಾರೋ ಅವ್ರೇ ಊದ್ಲಿ, ಆಮ್ಯಾಕೆ ಆ ಮನೇದೇ ಹಕ್ಕು ಅಂತ ಯಜಮಾನ್ರು ಅಂದ್ಬುಟ್ಟವ್ರೆ. ಇದು ಬ್ಯಾರೆ ಯಾವ್ದೋ ಕೊಂಬು ಅಂತ ನೀವಾದ್ರೂ ಹೇಳಿ.”

“ನೋಡಮ್ಮ ಕದ್ರಿ, ಸಿರಾಕ್ಕೆ ಹೋಗಿ ತಂದಿವ್ನಿ ನಾನು,” ಎಂದ ರೇಣುಕಯ್ಯ. “ನೀನು ಕಳ್ದೆ. ನಾನು ತಂದೆ.”

“ತಂದೆಯಲ್ಲ, ದೊಡ್ಡಪ್ಪನ ಮಗ,” ಎಂದ ಓಬಳರಾಜು. ಯಾರೋ ಕಿಸಕ್ಕೆಂದರು. ಬೋರಪ್ಪ ಕೆಮ್ಮಿದ.

ಓಬಳರಾಜು ಕೊಂಬನ್ನು ಎತ್ತಿಕೊಂಡ. ಬುಡದಿಂದ ತುದಿಯವರೆಗೆ ಬೆರಳು ಜಾರಿತು. ಬಳೆಯಿಲ್ಲ, ಬಿರುಕಿಲ್ಲ.

“ಕದರಮ್ಮ, ನಿಮ್ಮ ಕೊಂಬಿನ ಒಳಗೆ ಏನಾದ್ರೂ ಗುರುತಿತ್ತಾ?”

“ಒಳಗಾ? ಬಾಯಂಚಿನ ತಾವ ಒಳಕ್ಕೆ ಬಿರುಕು ಬಿಟ್ಟಿತ್ತು. ನಮ್ಮಜ್ಜ ಅರಗು ಕಾಸಿ ಮೆತ್ತಿತ್ತು. ಹುಣಸೇಬೀಜದಂಗೆ ಕೈಗೆ ಸಿಕ್ತಿತ್ತು.”

“ಬೆರಳು ಹಾಕಿ ನೋಡಿ.”

ಕದರಮ್ಮ ಒಲ್ಲದ ಮನಸ್ಸಿನಿಂದ ಬೆರಳು ಹಾಕಿದಳು. ಹಾಕಿದ ಬೆರಳು ಅಲ್ಲೇ ನಿಂತಿತು.

ಅವಳ ಮುಖದಲ್ಲಿ ಮೊದಲು ಸಂತೋಷ ಬಂತು, ಅದರ ಹಿಂದೆಯೇ ಹೆದರಿಕೆ ಬಂತು. ಹೌದು ಎಂದರೆ ತಂದವನಿಗೆ ಹಕ್ಕು. ಅಲ್ಲ ಎಂದರೆ ಅಜ್ಜನ ಕೊಂಬು ಅನಾಥ. ಬಯಲಿನ ಜನವೆಲ್ಲ ಅವಳ ಬೆರಳನ್ನೇ ನೋಡುತ್ತಿತ್ತು.

“ನಮ್ದೇ,” ಎಂದಳು.

“ಕೇಳುಸ್ಲಿಲ್ಲ ಕಣಮ್ಮ,” ಎಂದ ಬೋರಪ್ಪ.

“ನಮ್ದೇ ಯಜಮಾನ್ರೇ. ಅರಗು ಐತೆ. ಇದು ದೇವರೆತ್ತಿಂದೇ.”

ರೇಣುಕಯ್ಯ ಸುತ್ತ ಒಂದು ಸಲ ನೋಡಿ, ಮೀಸೆಯ ಎರಡು ತುದಿಗೂ ಒಂದೊಂದು ತಿರುವು ಕೊಟ್ಟ. “ಕೇಳಿದ್ರಲ್ಲ. ಅವಳ ಬಾಯಾಗೇ ಬಂತು.”

ಕದರಮ್ಮ ಓಬಳರಾಜುವಿನ ಕಡೆ ನೋಡಿದ ನೋಟಕ್ಕೆ ಬೇರೆ ಯಾರಾದರೂ ಆಗಿದ್ದರೆ ಸ್ಕೂಟರು ಹತ್ತಿ ಹೊರಟುಬಿಡುತ್ತಿದ್ದರು. ಅವಳೇ ಕರೆಸಿದ ಪತ್ತೇದಾರ ಅವಳ ಎದುರಾಳಿಯನ್ನೇ ಗೆಲ್ಲಿಸಿಕೊಟ್ಟಿದ್ದ.

ಓಬಳರಾಜು ಹೊರಡಲಿಲ್ಲ. ಎರಡು ಕೈಯಲ್ಲೂ ಕೊಂಬನ್ನು ಹಿಡಿದು ಬಿಸಿಲಿಗೆ ಎತ್ತಿದ. ಹೊಳಪು ಜಗಲಿಯ ಕಂಬದ ಮೇಲೆ ಕುಣಿಯಿತು.

“ಆದ್ರೂ ಎಂಥಾ ಕೆಲಸ,” ಎಂದ. “ಒಳಗೆ ಅಜ್ಜನ ಕಾಲ, ಹೊರಗೆ ಈಗ ತಾನೇ ಹುಟ್ಟಿದ ಹಂಗೆ. ಎಲ್ಲೂ ಒಂದು ಕಚ್ಚು ಬಿದ್ದಿಲ್ಲ. ಇದು ಬರಗೂರು ಪರಮೇಶನ ಕೈ ಅಲ್ವಾ?”

ಮೀಸೆ ಅಲುಗಿತು. “ಯಾರ ಕೈ?”

“ಪರಮೇಶ. ಹೋರಿಗಳ ಕೊಂಬು ಹೆರೆಯೋದ್ರಲ್ಲಿ ಅವನನ್ನ ಬಿಟ್ರೆ ಇಲ್ಲ ಅಂತಾರಲ್ಲ. ಹೋದ ಸಲದ ದನಗಳ ಪ್ರದರ್ಶನದಲ್ಲಿ ಕೇಳಿಲ್ವಾ?” ಓಬಳರಾಜು ಮುಷ್ಟಿಯನ್ನು ಬಾಯಿಗೆ ಹಿಡಿದ. ಮೊದಲು ಮೈಕು ಕೀರಲಿಟ್ಟಿತು, ಆಮೇಲೆ ಎರಡು ಸಲ ಊದಿಸಿಕೊಂಡಿತು, ಆಮೇಲೆ ಆ ಮೈಕಿನವನೇ ಬಯಲಿಗೆ ಬಂದು ನಿಂತ. “ರೈತ ಬಾಂಧವರೇ, ರೈತ ಬಾಂಧವರೇ, ಕೊಂಬಿನ ಅಲಂಕಾರದಲ್ಲಿ ಪ್ರಥಮ ಸ್ಥಾನ, ಬರಗೂರಿನ ಪರಮೇಶ್, ಬರಗೂರಿನ ಪರಮೇಶ್, ಎಲ್ಲಿದ್ದರೂ ವೇದಿಕೆಗೆ ಬರಬೇಕು, ಅವರ ಹೋರಿ ಹಗ್ಗ ಬಿಚ್ಚಿಕೊಂಡು ಅಡುಗೆ ಶಾಮಿಯಾನಕ್ಕೆ ನುಗ್ಗಿದೆ...”

ಬಯಲೆಲ್ಲ ನಕ್ಕಿತು. ರೇಣುಕಯ್ಯ ಒಬ್ಬ ನಗಲಿಲ್ಲ. ಆ ಪ್ರದರ್ಶನದಲ್ಲಿ ಅವನ ಹೋರಿಗಳ ಜೋಡಿ ಎರಡನೆಯದಾಗಿತ್ತು. ಅವತ್ತಿನಿಂದ ಅವನ ಮನೆಯಲ್ಲಿ ಬರಗೂರು ಬಸ್ಸಿನ ಹೆಸರನ್ನೂ ಎತ್ತುವಂತಿರಲಿಲ್ಲ.

“ಪರಮೇಶನಾ? ಅವ್ನು ಹೆರೆದ್ರೆ ಕೊಂಬು ಸೌತೇಕಾಯಿ ಆಯ್ತದೆ ಮೇಷ್ಟ್ರೇ. ಮಂಡಿ ಮ್ಯಾಲೆ ಇಟ್ಕಂಡು ಎಳೀತಾನೆ ಬಡ್ಡಿಮಗ.”

“ಇರಬಹುದು. ಆದ್ರೂ ಬುಡದಲ್ಲಿ ಇಷ್ಟು ನುಣುಪು ಬರಬೇಕಾದ್ರೆ ಅವನೇ ಸೈ. ಬರೀ ಗಾಜಿನ ಚೂರಿನಲ್ಲಿ ಮಾಡಿದಾನಂತೆ.”

“ಬರೀ ಗಾಜಾ? ಯಾವ ಮೂದೇವಿ ಹೇಳಿದ್ದು ನಿಮ್ಗೆ? ಗಾಜು ಮೊದ್ಲು. ಅದು ಮ್ಯಾಲ್ಗಡೆ ಕೊಳೆಗೆ. ಬಳೆ ಇಳೀಬೇಕು ಅಂದ್ರೆ ಕತ್ತಿನೇ ಬೇಕು. ನನ್ ಕತ್ತಿ ನಮ್ಮಪ್ಪ ಮಾಡ್ಸಿದ್ದು. ಅದ್ನ ಇಂಗೆ ಮಲಗ್ಸಿ ಹಿಡ್ಕಂಡು, ಉಸಿರು ಬಿಗಿಹಿಡ್ದು, ಒಂದೊಂದೇ ಬಳೆ, ಕೂಸಿಗೆ ತಲೆಗೂದ್ಲು ತೆಗ್ದಂಗೆ ತೆಗ್ದಿವ್ನಿ. ಆಮ್ಯಾಕೆ ಹಳ್ಳೆಣ್ಣೆಗೆ ದೀಪದ ಕಪ್ಪು ಕಲ್ಸಿ...”

ಅವನ ಕೈ ಗಾಳಿಯಲ್ಲಿ ಇಲ್ಲದ ಕತ್ತಿಯನ್ನು ಹಿಡಿದುಕೊಂಡು ಹಾಗೇ ನಿಂತಿತು.

ನಗು ನಿಂತಿತ್ತು. ಎಲ್ಲೋ ಒಂದು ಕರು ಗಂಟೆ ಅಲ್ಲಾಡಿಸಿತು.

“ಕತ್ತಿ ಮುಟ್ಸಿದ್ಯೇನ್ಲಾ ರೇಣುಕ?” ಎಂದ ಬೋರಪ್ಪ. ಗದರಲಿಲ್ಲ. ಅದಕ್ಕೇ ಆ ಮಾತು ಭಾರವಾಗಿತ್ತು.

ಹೊನ್ನಗುಂಡ್ಲುವಿನಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತಿದ್ದ ಕಟ್ಟಳೆ ಅದು. ದೇವರೆತ್ತಿಗೆ ಕಬ್ಬಿಣ ಮುಟ್ಟಿಸುವಂತಿಲ್ಲ. ಲಾಳವಿಲ್ಲ, ಬರೆಯಿಲ್ಲ, ಕೊಂಬು ಹೆರೆಯುವುದಿಲ್ಲ. ಬದುಕಿರುವಾಗ ಹೇಗೋ ಸತ್ತ ಮೇಲೂ ಹಾಗೆಯೇ.

ರೇಣುಕಯ್ಯ ಅಲ್ಲೇ ಕುಕ್ಕರಿಸಿದ. “ಕದಿಯಕ್ಕೆ ನಾನು ಹೋಗ್ಲಿಲ್ಲ ಯಜಮಾನ್ರೇ, ಗುಡಿ ಮುಂದೆ ಹೇಳ್ತಿವ್ನಿ. ಸಿರಾದಾಗೆ ಐತೆ ಅಂತ ಫೋನು ಬಂತು, ಹೋದೆ, ತಂದೆ. ಮನೇಲಿಟ್ಟು ನೋಡ್ದೆ. ನಾಳೆ ನಾನು ಊದ್ತೀನಿ, ಜನ ಎಲ್ಲಾ ನೋಡ್ತಾರೆ, ಇದು ನೋಡಿದ್ರೆ ಹಳೇ ಬೇರಿದ್ದಂಗೈತೆ. ನಮ್ಮ ಕೊಟ್ಟಿಗೇಲಿ ಯಾವ ಕೊಂಬೂ ಇಂಗಿದ್ದಿಲ್ಲ ಯಜಮಾನ್ರೇ. ಕೈ ತಡೀಲಿಲ್ಲ.”

ಓಬಳರಾಜು ಆ ಮಾತನ್ನು ನಂಬಿದ. ಕಳ್ಳನಾಗಿದ್ದರೆ ಕದ್ದ ಸಾಮಾನಿನ ಗುರುತು ಅಳಿಸಲು ಹೆರೆಯುತ್ತಿದ್ದ. ಇವನು ಹೆರೆದು, ಇದೇ ಅದು ಎಂದು ಊರಿಗೆಲ್ಲ ಸಾರಿದ್ದ. ಶೋಕಿಗಾರ ಮಾತ್ರ ಹೀಗೆ ಕೆಡಬಲ್ಲ.

“ಫೋನು ಯಾರದ್ದು ರೇಣುಕಯ್ಯ?”

“ಗೊತ್ತಿಲ್ಲ. ಹೆಂಗಸು. ತೆಲುಗು ತೆಲುಗಾಗಿ ಮಾತಾಡ್ತಿದ್ಲು.”

ಬೋರಪ್ಪ ಎದ್ದ. “ಕೊಂಬನ್ನ ಹಾಲ್ನಾಗೆ ತೊಳೀರಿ. ಕಬ್ಬಿಣ ಹಿಡ್ದ ಕೈ ಅದನ್ನ ಊದಂಗಿಲ್ಲ. ಊದಾದು ಕದರಮ್ಮ. ಯಾರ ಊದಿಗೆ ದನ ಕಿಚ್ಚು ಹಾಯ್ತವೋ, ಹಕ್ಕು ಆ ಮನೇದೇ. ಇನ್ನ ಯಾರೂ ಸೊಲ್ಲೆತ್ತಂಗಿಲ್ಲ.”

ಮುಖ ತಿರುಗಿಸುತ್ತಿದ್ದವರೂ ಈಗ ತಿರುಗಿಸಿದ್ದನ್ನು ಮರಳಿ ತಿರುಗಿಸಿಕೊಂಡರು. ಯಾರೋ ಹಾಲು ತಂದರು. ಕೊಂಬಿನ ಮೇಲೆ ಹಾಲು ನಿಲ್ಲದೆ ಹರಳು ಹರಳಾಗಿ ಜಾರಿತು.

ಕದರಮ್ಮ ಅದನ್ನು ಸೆರಗಿನಲ್ಲಿ ಒರೆಸಿ, ಕುಕ್ಕರಿಸಿದವನ ಪಕ್ಕ ಬಗ್ಗಿದಳು. “ಅಣ್ಣಯ್ಯ, ಬಯ್ಯಾದಾದ್ರೆ ನಾಳೆ ಬಯ್ತೀನಿ. ಹೊಳಪು ಮಾತ್ರ ಭಾಳ ಚೆಂದಾಗೈತೆ.”

“ಪರಮೇಶನ ಕೈಲಿ ಆಯ್ತದಾ ಹೇಳು?” ಎಂದ ರೇಣುಕಯ್ಯ, ನೆಲ ನೋಡುತ್ತಲೇ.

“ಏಳು ಏಳು. ನಿನ್ನ ಹೋರಿ ಹಿಡ್ಕೋ. ನನ್ನ ಊದಿಗೆ ಅವೇ ಮುಂದಾಗಿ ಹಾಯ್ಲಿ.”

ಅವನು ಎದ್ದ. ಮೀಸೆ ಇನ್ನೂ ಎದ್ದಿರಲಿಲ್ಲ, ಆದರೆ ಕಾಲುಗಳು ಚುರುಕಾಗಿದ್ದವು.

ಹುಲ್ಲಿಗೆ ಬೆಂಕಿ ಬಿತ್ತು. ದನಗಳು ಕಿವಿ ನಿಮಿರಿಸಿದವು. ಅವುಗಳ ಹಗ್ಗ ಹಿಡಿದವರು ಪಂಚೆ ಎತ್ತಿ ಕಟ್ಟಿ ಕಾಲು ಹಿಂದೆ ಮುಂದೆ ಇಟ್ಟು ನಿಂತರು. ಕಬ್ಬು ಕಚ್ಚುತ್ತಿದ್ದ ಬಾಯಿಗಳು ಕಚ್ಚಿದಲ್ಲೇ ನಿಂತವು. ಓಬಳರಾಜು ಜಗಲಿಗೆ ಒರಗಿದ. ಯಾರೋ ಅವನ ಅಂಗೈಗೆ ಎಳ್ಳುಬೆಲ್ಲ ಹಾಕಿ ಒಳ್ಳೇ ಮಾತಾಡಿ ಮೇಷ್ಟ್ರೇ ಎಂದರು. ಪಾವಗಡದ ಹೆಂಗಸನ್ನು ನಾಳೆ ಹುಡುಕಿದರಾಯಿತು ಎಂದುಕೊಂಡ. ಕೊಬ್ಬರಿ ಸೊಗಸಾಗಿತ್ತು.

ಕದರಮ್ಮ ಕೊಂಬನ್ನು ಎರಡೂ ಕೈಯಲ್ಲಿ ಎತ್ತಿದಳು. ಕಣ್ಣು ಮುಚ್ಚಿದಳು. ಎದೆ ತುಂಬ ಗಾಳಿ ಎಳೆದುಕೊಂಡಳು.

ಕೊಂಬು ಮೊಳಗಿತು.

ಉದ್ದಕ್ಕೆ ಒಂದು ದನಿ, ಅದನ್ನು ಕತ್ತರಿಸಿದಂತೆ ಎರಡು ತುಂಡು, ಮತ್ತೆ ನಿಧಾನವಾಗಿ ಇಳಿಯುವ ಒಂದು ಉದ್ದ. ರೇಣುಕಯ್ಯನ ಹೋರಿಗಳು ಒಂದೇ ನೆಗೆತಕ್ಕೆ ಕಿಚ್ಚು ಹಾಯ್ದವು. ಅವುಗಳ ಹಿಂದೆ ಊರಿನ ದನಗಳೆಲ್ಲ ಗಂಟೆಗಳ ಗದ್ದಲದಲ್ಲಿ ನುಗ್ಗಿದವು. ಜನ ಕೇಕೆ ಹಾಕಿದರು.

ಓಬಳರಾಜು ಕದರಮ್ಮನ ಕಡೆ ನೋಡಿದ. ಕೊಂಬು ಅವಳ ತುಟಿಯಿಂದ ಒಂದು ಗೇಣು ದೂರದಲ್ಲೇ ಇತ್ತು. ಎಳೆದುಕೊಂಡ ಗಾಳಿ ಇನ್ನೂ ಎದೆಯಲ್ಲೇ ಇತ್ತು.

“ನಾನು ಊದ್ಲಿಲ್ಲ,” ಎಂದಳು.

ದನಿ ಬಂದದ್ದು ಊರಾಚೆಯ ದಿಬ್ಬದಿಂದ, ದೇವರೆತ್ತನ್ನು ಮಣ್ಣು ಮಾಡಿದ ಕಡೆಯಿಂದ. ಇಳಿಬಿಸಿಲು ಕಣ್ಣಿಗೆ ನೇರ ಹೊಡೆಯುತ್ತಿತ್ತು. ಅಲ್ಲಿ ಯಾರಿದ್ದಾರೆ ಎಂದು ಕಾಣುವಂತಿರಲಿಲ್ಲ.

ಬೋರಪ್ಪನ ಬಾಯಿ ತೆರೆದೇ ಇತ್ತು. ಯಾವ ಊದಿಗೆ ದನ ಹಾಯುತ್ತವೋ ಆ ಮನೆಗೆ ಹಕ್ಕು ಎಂದು ಅವನೇ ಈಗ ತಾನೇ ಗುಡಿಯ ಮುಂದೆ ಹೇಳಿದ್ದ. ದನಗಳು ಹಾಯ್ದಾಗಿತ್ತು.

“ಮೇಷ್ಟ್ರೇ,” ಕದರಮ್ಮ ಓಬಳರಾಜುವಿನ ತೋಳು ಹಿಡಿದಳು. “ಅದು ನಮ್ಮಪ್ಪನ ಊದು. ಆ ತುಂಡು ಮಾಡಾದು, ಆ ಇಳ್ಸಾದು, ನಮ್ಮಪ್ಪ ನನಗೊಬ್ಬಳಿಗೇ ಹೇಳ್ಕೊಟ್ಟಿದ್ದು. ಇನ್ಯಾರಿಗೂ ಬರಾಕಿಲ್ಲ.”

ಓಬಳರಾಜುವಿನ ಬಾಯಲ್ಲಿದ್ದ ಕೊಬ್ಬರಿ ಸಪ್ಪೆಯಾಯಿತು. ಇಷ್ಟು ದಿನ ಮನೆ ಮನೆ ಸುತ್ತಿದ್ದ, ಅವರಿವರ ದನಿ ಅನುಕರಿಸಿದ್ದ, ಕೊಂಬಿನ ಹಿಂದುಮುಂದೆಲ್ಲ ಕೆದಕಿದ್ದ. ಒಂದೇ ಒಂದು ಪ್ರಶ್ನೆ ಯಾರನ್ನೂ ಕೇಳಿರಲಿಲ್ಲ. ಒಂದೇ ಕೊಂಬಿನ ಎತ್ತು ಎಲ್ಲಿರುತ್ತದೆ? ಇನ್ನೊಂದು ಯಾರ ಮನೆ ಸೇರಿತು? ಕೊಮ್ಮು ಅಂದವಳ ಮನೆಯೇ?

ಜನವೆಲ್ಲ ದಿಬ್ಬದ ಕಡೆ ಕೈ ಅಡ್ಡ ಹಿಡಿದು ನೋಡುತ್ತಿತ್ತು. ನೋಡದೆ ಕೂತಿದ್ದವನು ಒಬ್ಬನೇ. ಬೈಲಪ್ಪ ಎಳ್ಳಿನ ಪುಡಿಯನ್ನು ಪಕ್ಕಕ್ಕಿಟ್ಟು, ಅಂಗೈ ಒರೆಸಿಕೊಂಡು, ಹಲ್ಲಿಲ್ಲದ ಬಾಯಿ ತುಂಬ ನಕ್ಕ.

“ಬಂದ್ಲಾ?” ಎಂದ.